ಫುಲ್ ಎಂಬ ಮಾತು

“ಯಾವ ವರ್ಷದ ಸ್ಟಾಂಡರ್ಡು?” ವಿನೋದಿನಿ ತಮಿಳಿನಲ್ಲಿ ಮೂರನೆಯ ಸಲ ಕೇಳಿದಳು.

ಕೊಯಮತ್ತೂರಿನಿಂದ ಡೇಟಾಬೇಸ್ ಮಾರಲು ಬಂದಿದ್ದ ದಿವಾಕರ್ ಮೂರನೆಯ ಸಲವೂ ನಕ್ಕ. “ಫುಲ್ ಎಸ್‌ಕ್ಯೂಎಲ್ ಸ್ಟಾಂಡರ್ಡ್, ಮೇಡಂ. ಒಪ್ಪಂದದ ಪತ್ರದಲ್ಲೇ ಇದೆ.”

ಸಿರುಮುಗೈಯ ನೇಕಾರರ ಸಂಘದ ಕಾರ್ಯದರ್ಶಿ ಜಯರಾಮನ್ ಆಗಲೇ ಸಹಿಗೆ ಪೆನ್ನು ತೆಗೆದಿದ್ದರು. ಸಂಘದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ವಿನೋದಿನಿಗೆ ಮಾತ್ರ ಆ ನಗು ಹಿಡಿಸಲಿಲ್ಲ. ಎಲ್ಲ ಡೇಟಾಬೇಸುಗಳೂ ಒಂದೇ ಭಾಷೆ ಆಡಲೆಂದು ಮಾಡಿ, ಕೆಲವು ವರ್ಷಕ್ಕೊಮ್ಮೆ ತಿದ್ದುವ ನಿಯಮವೇ ಆ ಸ್ಟಾಂಡರ್ಡು; ವರ್ಷ ಹೇಳದ ‘ಫುಲ್’ಗೆ ಅರ್ಥವಿರಲಿಲ್ಲ. ಹಿಂದಿನ ಕಂಪೆನಿಯವನೂ ಹೀಗೇ ನಕ್ಕಿದ್ದ. ಅವನು ಕಂಪೆನಿ ಮುಚ್ಚಿಕೊಂಡು ಹೋದ ಮೇಲೆ ಗೊತ್ತಾಯಿತು, ಅವನ ಡೇಟಾಬೇಸಿನ ಭಾಷೆ ಅವನೊಬ್ಬನಿಗೇ ತಿಳಿಯುವಂಥದು ಎಂದು. ಯಾವ ಸೀರೆಯ ವಿನ್ಯಾಸ ಯಾರ ಮನೆಯದು ಎಂಬ ದಾಖಲೆ ಬೇರೆ ಯಾವ ಡೇಟಾಬೇಸಿಗೂ ದಾಟಲಿಲ್ಲ. ಎರಡು ವರ್ಷ ಮನೆಮನೆ ತಿರುಗಿ ಅವಳು ಮತ್ತೆ ಬರೆದುಕೊಂಡಳು. ಆ ಗೊಂದಲದಲ್ಲಿ ಪೆರಿಯನಾಯಕಿ ಎಂಬ ಮುದುಕಿಯ ನವಿಲಂಚಿನ ವಿನ್ಯಾಸ ಯಾರದೋ ಹೆಸರಿಗೆ ಹೋಗಿತ್ತು. ಸರಿಪಡಿಸುವ ಮೊದಲೇ ಆಕೆ ತೀರಿಕೊಂಡಳು.

“ಲ್ಯಾಪ್‌ಟಾಪ್ ಇತ್ತ ಕೊಡಿ. ನಿಮ್ಮನ್ನು ಕೇಳುವುದಿಲ್ಲ, ಅದನ್ನೇ ಕೇಳುತ್ತೇನೆ,” ಎಂದಳು.

ಸ್ಟಾಂಡರ್ಡಿನಲ್ಲಿ ತನಗೆ ಯಾವುದು ಬರುತ್ತದೆ, ಯಾವುದು ಬಾರದು ಎಂಬ ಪಟ್ಟಿಯನ್ನು ಆ ಡೇಟಾಬೇಸು ತನ್ನೊಳಗೇ ಇಟ್ಟುಕೊಂಡಿರುತ್ತದೆ ಎಂದು ಅವಳು ಓದಿದ್ದಳು. ಒಂದು ಸಾಲು ಟೈಪ್ ಮಾಡಿದಳು. ಉದ್ದದ ಪಟ್ಟಿ ಬಂತು. ಹೆಚ್ಚಿನವುಗಳ ಮುಂದೆ ‘ಯೆಸ್’, ನಡುನಡುವೆ ‘ನೋ’. ಪರದೆಗೆ ಬೆರಳಿಟ್ಟು ಆ ‘ನೋ’ಗಳನ್ನು ಮನೆಮಾತಿನಲ್ಲೇ ಎಣಿಸತೊಡಗಿದಳು: “ಒಂದು, ಎರಡು, ಮೂರು…”

“ನೀವೂ ನಮ್ಮೋರಾ ಅಕ್ಕಾ?” ದಿವಾಕರ್ ಥಟ್ಟನೆ ಕನ್ನಡಕ್ಕೆ ಹೊರಳಿದ. “ನಮ್ಮೂರು ಇಲ್ಲೇ ಪಕ್ಕದ ಕಾರಮಡೈ. ಮೊದ್ಲೇ ಹೇಳ್‌ಬಾರ್ದಾ?”

ವಿನೋದಿನಿಯ ಬೆರಳು ನಿಂತಿತು. ಆ ‘ಅಕ್ಕಾ’ ಕಿವಿಗೆ ಹಿತವಾಗಿತ್ತು. ಅದಕ್ಕೇ ಅನುಮಾನ ಇನ್ನಷ್ಟು ಬಲವಾಯಿತು.

“ನಮ್ಮೋನಾದ್ರೆ ನಿಜ ಹೇಳಪ್ಪಾ. ಫುಲ್ ಅಂತ ಯಾಕ್ ಬರ್ದೆ?”

ಅವನು ಜಯರಾಮನ್ ಕಡೆ ನೋಡಿ ದನಿ ತಗ್ಗಿಸಿದ. “ಯಾವ್ದೂ ಫುಲ್ ಇಲ್ಲಕ್ಕಾ. ಎಲ್ಲಾ ಕಂಪೆನೀದೂ ಇಂಗೇ. ಇಲ್ಲ ಅಂತ ಬರ್ದ್ರೆ ಯಾರ್ ತಗೋತಾರೆ?”

“ಅದು ನಂಗೂ ಗೊತ್ತು. ಮಿಷನ್ನು ತನ್ಗೆ ಬರಲ್ಲ ಅಂತ ಒಪ್ಕೊಳ್ತದೆ. ನೀನ್ ಒಪ್ಕೊಳ್ಳಲ್ಲ.”

ಪತ್ರ ಎಳೆದುಕೊಂಡು ‘ಫುಲ್’ ಮೇಲೆ ಅಡ್ಡಗೆರೆ ಹೊಡೆದು ಅವನ ಮುಂದೆ ತಳ್ಳಿದಳು. “ಇದ್ಕೆ ಬಾರದ್ದೆಲ್ಲಾ ನಿನ್ ಕೈಲೇ ಬರಿ. ಬೇರೆ ಕಡೆಗ್ ದಾಟ್ಸೋವಾಗ ಏನೇನ್ ಕಷ್ಟ ಆಗ್ತದೆ, ಅದೂ ಬರಿ.”

ಕನ್ನಡ ಬಾರದ, ಏನು ನಡೆಯುತ್ತಿದೆಯೆಂದು ತಿಳಿಯದ ಜಯರಾಮನ್ ಇಬ್ಬರ ಮುಖವನ್ನೂ ನೋಡಿದರು. ದಿವಾಕರ್ ಈಗ ನಗುತ್ತಿರಲಿಲ್ಲ. ಬಗ್ಗಿ ಬರೆಯುತ್ತಾ ಹಾಳೆಯ ತುದಿಗೆ ಬಂದವನು ತಲೆಯೆತ್ತದೆ ಕೈಚಾಚಿದ. ವಿನೋದಿನಿ ಇನ್ನೊಂದು ಹಾಳೆ ಕೊಟ್ಟು, ತುಂಬಿದ ಹಾಳೆಯನ್ನು ಪರದೆಯ ಪಕ್ಕ ಹಿಡಿದು ಮೊದಲ ಸಾಲಿನಿಂದ ಹೋಲಿಸತೊಡಗಿದಳು.