ಅರ್ಧ ಕೊಯ್ದ ಹ್ಯಾಂಡಲ್

ಗರಗಸ ಕೈಯಲ್ಲಿತ್ತು, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಬಾಯಿ ತೆರೆದಿತ್ತು, ಕೊಯ್ಯಬೇಕಾದ ಹ್ಯಾಂಡಲ್ ಮಾತ್ರ ಇರಲಿಲ್ಲ. ಅಕ್ಕ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಗುಜರಿ ಡ್ರಮ್ಮಿನೊಳಗೆ ಕೈಹಾಕಿ ತಡಕಾಡಿದಳು. ಸವೆದ ಚೈನುಗಳು, ಬಾಗಿದ ಪೆಡಲು, ಎರಡೆರಡು ತುಂಡಾದ ಹಳೇ ಹ್ಯಾಂಡಲ್‌ಗಳು ಸಿಕ್ಕವು. ನಿನ್ನೆ ಸಂಜೆ ಬಿಚ್ಚಿದ ಆ ಅಗಲದ ಕಪ್ಪು ಹ್ಯಾಂಡಲ್ ಸಿಗಲಿಲ್ಲ.

ಬಿಚ್ಚಿದ ಹ್ಯಾಂಡಲನ್ನು ಎರಡು ತುಂಡು ಮಾಡಿಯೇ ಗುಜರಿಗೆ ಹಾಕಬೇಕೆಂಬುದು ಆ ಸೈಕಲ್ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ, ಬ್ರೇಕು ಸವೆದರೆ ಕಿರುಚಿಕೊಳ್ಳುತ್ತದೆ. ಹ್ಯಾಂಡಲ್ ಹಾಗಲ್ಲ, ಮಹಾ ಮಳ್ಳ. ಒಂದು ಜೋರು ಪೆಟ್ಟು ತಿಂದ ಮೇಲೂ ಏನೂ ಆಗದ ಹಾಗೆ ಹೊಳೆಯುತ್ತಿರುತ್ತದೆ, ಇನ್ಯಾವತ್ತೋ ಇಳಿಜಾರಿನ ನಡುವೆ ಕೈಕೊಡುತ್ತದೆ. ಹೊಳೆಯುವುದನ್ನು ಗುಜರಿಯಿಂದ ಎತ್ತಿಕೊಂಡು ಹೋಗುವವರಿಗೇನು ಕಮ್ಮಿ? ಅದಕ್ಕೇ ಗರಗಸ.

ನಿನ್ನೆಯದು ಮರಕ್ಕೆ ಗುದ್ದಿಕೊಂಡು ಬಂದ ಗಿರಾಕಿಯದು. ಅದನ್ನು ಬೋರಲು ವೈಸಿಗೆ ಕಚ್ಚಿಸಿ, ನಡುವಿನ ದಪ್ಪ ಭಾಗ ಮುಗಿಯುವ ಕಡೆ ಗರಗಸ ಇಟ್ಟು ಅಕ್ಕ ಎಳೆಯಲು ಶುರುಮಾಡಿದ್ದಳು. ಅಷ್ಟರಲ್ಲಿ ಯಾರೋ ಪೆಡಲ್ ಸಿಕ್ಕಿಕೊಂಡಿದೆ, ಈಗಲೇ ಬಿಚ್ಚಿಕೊಡಿ ಎಂದು ಪ್ರಾಣ ತಿಂದರು. ವೈಸು ಬೇಕಾಯಿತು. ಅರ್ಧ ಕೊಯ್ದ ಹ್ಯಾಂಡಲನ್ನು ತೆಗೆದು ಗೋಡೆಗೆ ಒರಗಿಸಿದಳು, ಹೊಸ ಹ್ಯಾಂಡಲ್‌ಗಳನ್ನು ನಿಲ್ಲಿಸುವ ಅದೇ ಗೋಡೆಗೆ. ಆಮೇಲೆ ಮರೆತೇ ಹೋಯಿತು.

ತಮ್ಮನ ಹೆಂಡತಿ ಬಾಗಿಲ ಬಳಿ ಕೂತು ಟ್ಯೂಬೊಂದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದಳು.

"ಇಲ್ಲೊಂದು ಕಪ್ಪು ಹ್ಯಾಂಡಲ್ ಇತ್ತಲ್ಲ, ನೋಡಿದ್ಯಾ?"

"ಅದಾ? ಬೆಳಿಗ್ಗೆ ಇವರು ಸೈಕಲ್ಲಿಗೆ ಹಾಕ್ಕೊಂಡ್ರಲ್ಲ ಅಕ್ಕ. ತಮ್ಮದು ಸೊಟ್ಟ ಆಗಿದೆ ಅಂತಿದ್ರು. ತಮಗೆ ಅಂತ ನೀವೇ ಎತ್ತಿಟ್ಟಿದೀರಿ ಅಂದ್ಕೊಂಡ್ರು, ನಮ್ಮಕ್ಕ ಬಾಯಲ್ಲಿ ಬೈದ್ರೂ ಕೈಲಿ ಕೊಡ್ತಾಳೆ ಅಂತ ಖುಷಿಯಾಗಿ ಹೋದ್ರು."

"ಎಲ್ಲಿಗೆ?"

"ಇನ್ನೆಲ್ಲಿಗೆ, ಬೆಟ್ಟಕ್ಕೆ."

ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ರಿಂಗಾಗಿದ್ದು ಅವನ ಹೆಂಡತಿಯ ಜೇಬಿನಲ್ಲೇ. ಬಿದ್ದರೆ ಒಡೆದುಹೋಗುತ್ತದೆಂದು ತಮ್ಮ ಸೈಕಲ್ಲಿನಲ್ಲಿ ಬೆಟ್ಟ ಇಳಿಯುವ ದಿನ ಫೋನನ್ನು ಹೆಂಡತಿಗೆ ಕೊಟ್ಟು ಹೋಗುತ್ತಾನೆ. ತಾನು ಬಿದ್ದರೆ ಪರವಾಗಿಲ್ಲ, ಫೋನು ಬೀಳಬಾರದು. ಅಷ್ಟು ಜಾಣ.

"ಏನಾಯ್ತು ಅಕ್ಕ?"

"ಏನಿಲ್ಲ. ಒಂದು ಮಾತು ಹೇಳೋದಿತ್ತು."

"ಏನಿಲ್ಲ ಅಂದ್ರೆ ಸ್ಕೂಟರ್ ಕೀ ಯಾಕೆ ತಗೊಂಡ್ರಿ?"

ಅಕ್ಕ ಆಗಲೇ ಬಾಗಿಲು ದಾಟಿದ್ದಳು. ಗರಗಸವನ್ನು ಎಲ್ಲಿಟ್ಟಳೋ, ಸ್ಕೂಟರ್ ಹೇಗೆ ಶುರುಮಾಡಿದಳೋ ಅವಳಿಗೇ ಗೊತ್ತಿಲ್ಲ. ಬೀದಿಯ ತಿರುವಿನಲ್ಲಿ ಯಾರೋ ನಗುತ್ತಾ ಕೈಯೆತ್ತಿದರು. ಅವರ ಮುಖ ಯಾರದೆಂದೂ ತಿಳಿಯಲಿಲ್ಲ.

ತಲೆ ಮಾತ್ರ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಬೋರಲಾಗಿಸಿ ಕೊಯ್ದದ್ದು, ಅಂದರೆ ಗೆರೆ ಹ್ಯಾಂಡಲಿನ ಅಡಿಗೆ ಬಂದಿರುತ್ತದೆ. ಮೇಲಿನಿಂದ ನೋಡಿದವನಿಗೆ ಕಾಣುವುದಿಲ್ಲ. ಕೈಯೂರಿ ಒತ್ತಿದರೆ ಆ ಗೆರೆ ಮುಚ್ಚಿಕೊಳ್ಳುತ್ತದೆ. ಮೇಲಕ್ಕೆಳೆದರೆ ಬಾಯಿ ಬಿಡುತ್ತದೆ. ಒತ್ತುವಷ್ಟು ಹೊತ್ತು ತಡೆದೀತು. ಎಳೆದಾಗ? ಬೀದಿಯವರು ರಾಕೆಟ್ ಎಂದು ಕರೆಯುವ ಈ ಮನುಷ್ಯನಿಗೆ ಸೈಕಲ್ ಎಂದರೆ ಹಾರಿಸುವುದೇ, ಎಳೆಯದೆ ಹಾರಿಸುವುದು ಹೇಗೆ?

ಸೈಕಲ್ ಇಳಿಸುವ ಜಾಡು ಬೆಟ್ಟದ ನೆತ್ತಿಯ ನೀರಿನ ಟ್ಯಾಂಕಿನಿಂದ ಹೊರಟು ಮರಗಳ ನಡುವೆ ಸುತ್ತಿ ಸುತ್ತಿ ಇಳಿಯುತ್ತದೆ. ಮೇಲಿನ ಭಾಗ ಬರೀ ಕಡಿದಾದ ತಿರುವುಗಳು, ಅಲ್ಲಿ ಒತ್ತಿಕೊಂಡೇ ಇಳಿಯಬೇಕು. ಅರ್ಧ ದಾರಿಯಲ್ಲಿ ಟಾರು ರಸ್ತೆ ಅಡ್ಡ ಬರುತ್ತದೆ. ಅಲ್ಲೊಂದು ದಿಬ್ಬ. ಗೊತ್ತಿದ್ದವರು ದಿಬ್ಬದ ತುದಿಯಲ್ಲಿ ಹ್ಯಾಂಡಲ್ ಎಳೆದು, ರಸ್ತೆಯನ್ನೇ ಹಾರಿ, ಆಚೆಯ ಇಳಿಜಾರಿನಲ್ಲಿ ಇಳಿಯುತ್ತಾರೆ. ಅಕ್ಕ ಸ್ಕೂಟರನ್ನು ರಸ್ತೆಯಂಚಿಗೆ ಬಿಸಾಡಿದಂತೆ ನಿಲ್ಲಿಸಿ ಮೊದಲು ಆಚೆಯ ಮಣ್ಣನ್ನು ನೋಡಿದಳು. ಚಕ್ರದ ಹೊಸ ಗುರುತಿಲ್ಲ. ಇನ್ನೂ ಬಂದಿಲ್ಲ. ಒಂದು ಕ್ಷಣ ಜೀವ ಬಂದಂತಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಹೊಕ್ಕಿತು. ಬಂದಿಲ್ಲ ಎಂದರೆ ಮೇಲೆಲ್ಲೋ ಬಿದ್ದಿದ್ದರೆ?

"ಏಯ್!" ಎಂದು ಕೂಗಿದಳು. ಮರಗಳು ಸುಮ್ಮನಿದ್ದವು.

ರಸ್ತೆಯಲ್ಲಿ ನಿಂತರೆ ಪ್ರಯೋಜನವಿಲ್ಲ, ಅವನಿಗೆ ತಾನು ಕಾಣುವ ಹೊತ್ತಿಗೆ ಅವನು ಗಾಳಿಯಲ್ಲಿರುತ್ತಾನೆ. ದಿಬ್ಬಕ್ಕಿಂತ ಮುಂಚೆಯೇ ತಡೆಯಬೇಕು. ಅವಳು ಬೇರುಗಳನ್ನು ಹಿಡಿದುಕೊಂಡು ಮೇಲೆ ಹತ್ತಿದಳು. ಚಪ್ಪಲಿ ಜಾರಿತು, ಒಂದನ್ನು ಅಲ್ಲೇ ಬಿಟ್ಟಳು. ಚಿಕ್ಕಂದಿನಲ್ಲಿ ಇವನಿಗೆ ಸೈಕಲ್ ಕಲಿಸಿದವಳು ತಾನೇ. ಸೀಟು ಹಿಡಿದುಕೊಂಡು ಹಿಂದೆ ಓಡುತ್ತಾ, ಬಿಡಲ್ಲ ಕಣೋ, ಬಿಡಲ್ಲ ಎನ್ನುತ್ತಲೇ ಬಿಟ್ಟಿದ್ದಳು. ಈಗ ಅದು ನೆನಪಾಗಿ ಅಳು ಬಂತು. ಅಳುವ ಹೊತ್ತಲ್ಲ ಎಂದು ತನ್ನನ್ನೇ ಗದರಿಕೊಂಡಳು.

ಆಗ ಸದ್ದು ಕೇಳಿಸಿತು. ಪೆಡಲ್ ನಿಲ್ಲಿಸಿ ಇಳಿಯುವ ಚಕ್ರದ ಟರ್ರೆನ್ನುವ ಸದ್ದು, ತಿರುವಿನ ಆಚೆಯಿಂದ, ಜೋರಾಗುತ್ತಾ. ಅಕ್ಕ ಜಾಡಿನ ನಡುವೆ ಎರಡೂ ಕೈ ಚಾಚಿ ನಿಂತಳು. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ.

ಹೆಲ್ಮೆಟ್ಟು ಕಂಡಿತು. ನಂತರ ಕಣ್ಣು. ಮಣ್ಣು ಚಿಮ್ಮಿತು. ಸೈಕಲ್ ಅಡ್ಡಡ್ಡ ಜಾರಿಕೊಂಡು ಬಂದು ಅವಳ ಮೊಣಕಾಲಿಗೆ ಮುಂದಿನ ಚಕ್ರ ತಾಗಿಸಿ ನಿಂತಿತು.

"ತಲೆಗಿಲೆ ಕೆಟ್ಟಿದೆಯಾ ನಿಂಗೆ? ಸ್ವಲ್ಪ ತಪ್ಪಿದ್ರೆ ನಿನ್ನ ಮೇಲೇ ಹತ್ತಿಸ್ತಿದ್ದೆ!"

"ಇಳಿ."

"ಏನಾಯ್ತು? ಅವಳಿಗೇನಾದ್ರೂ..."

"ಅವಳು ಚೆನ್ನಾಗಿದಾಳೆ. ನೀನು ಇಳಿ ಮೊದಲು."

ತಮ್ಮ ಇಳಿದ. ಅಕ್ಕ ಹ್ಯಾಂಡಲ್ ಕಡೆ ಬೆರಳು ತೋರಿಸಿದಳು. ಅವನಿಗೆ ನಗು ಬಂತು.

"ಓ, ಇದಕ್ಕಾ? ಕೇಳ್ದೆ ತಗೊಂಡಿದ್ದಕ್ಕೆ ಬೆಟ್ಟ ಹತ್ತಿ ಬಂದ್ಯಾ? ಬೇಕಾದ್ರೆ ಕೆಳಗೆ ಹೋಗಿ ವಾಪಸ್ ಕೊಡ್ತೀನಿ ಮಾರಾಯ್ತಿ. ನಿಂಗೆ ಎಲ್ಲಾದ್ರಲ್ಲೂ ಬಿರುಕೇ ಕಾಣುತ್ತೆ. ನೋಡು, ಕಲ್ಲಿನ ಹಾಗಿದೆ."

ಹಾಗೆ ಹೇಳುತ್ತಾ ಅವನು ಎರಡೂ ಗ್ರಿಪ್ ಹಿಡಿದು, ದಿಬ್ಬದಲ್ಲಿ ಹಾರುವಾಗ ಎಳೆಯುವಂತೆಯೇ, ಮುಂದಿನ ಚಕ್ರವನ್ನು ಜಗ್ಗಿ ಮೇಲೆತ್ತಿದ.

ದೊಡ್ಡ ಸದ್ದೇನೂ ಆಗಲಿಲ್ಲ. ಒಣ ಕಡ್ಡಿ ಮುರಿದಷ್ಟೇ. ಚಕ್ರ ನೆಲಕ್ಕೆ ಬಿತ್ತು, ಬಲಗಡೆಯ ತುಂಡು ತಮ್ಮನ ಕೈಯಲ್ಲೇ ಉಳಿಯಿತು. ಬ್ರೇಕಿನ ಪೈಪು ಮಾತ್ರ ಅದನ್ನು ಸೈಕಲ್ಲಿಗೆ ಹಿಡಿದುಕೊಂಡಿತ್ತು.

ಅವನು ಆ ತುಂಡನ್ನು ನೋಡಿದ. ಕೆಳಗೆ, ಮರಗಳ ಸಂದಿಯಲ್ಲಿ ಕಾಣುತ್ತಿದ್ದ ದಿಬ್ಬದ ತುದಿಯನ್ನು ನೋಡಿದ. ಹೆಲ್ಮೆಟ್ಟಿನೊಳಗೆ ಅವನ ಮುಖದ ಬಣ್ಣ ಹೋಯಿತು.

"ನೀನು ಯಾವಾಗ್ಲೂ ಹೇಳ್ತಿದ್ದಿದ್ದು ನಿಜ," ಎಂದ. "ಬಿರುಕು ಬಿಟ್ಟಿತ್ತು."

ಅಕ್ಕ ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

"ಬಿರುಕಲ್ಲ ಕಣೋ. ಅಡೀಲಿ ನೋಡು, ನೆಟ್ಟಗಿದೆ. ಗರಗಸದ ಗೆರೆ. ನಾನೇ ಕೊಯ್ದದ್ದು, ಅರ್ಧಕ್ಕೇ ಬಿಟ್ಟು ಎದ್ದುಹೋದೆ." ಅಷ್ಟು ಹೇಳಿ ಅವಳು ಜಾಡಿನ ಮಣ್ಣಿನ ಮೇಲೆಯೇ ಕೂತು, ತಡೆಯಲಾರದೆ ಅತ್ತಳು.

ತಮ್ಮ ಪಕ್ಕದಲ್ಲಿ ಕೂತ. "ಕೇಳ್ದೆ ತಗೊಂಡಿದ್ದು ನಾನಲ್ವಾ," ಎಂದ. ಆಮೇಲೆ ಎಡಗೈಯಲ್ಲೇ ಜೇಬಿನಿಂದ ಚಾಕು ತೆಗೆದು ಬ್ರೇಕಿನ ಪೈಪು ಕತ್ತರಿಸಿದ. ಸೈಕಲ್ಲನ್ನು ಅಲ್ಲೇ ಮರಕ್ಕೊರಗಿಸಿ ಇಬ್ಬರೂ ನಡೆದು ಇಳಿದರು. ಬಿಟ್ಟಿದ್ದ ಚಪ್ಪಲಿ ದಾರಿಯಲ್ಲಿ ಸಿಕ್ಕಿತು.

ಸ್ಕೂಟರ್ ಅಂಗಡಿಯ ಮುಂದೆ ನಿಂತಾಗ ತಮ್ಮನ ಹೆಂಡತಿ ಒದ್ದೆ ಟ್ಯೂಬು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಇಬ್ಬರ ಮುಖವನ್ನೂ ನೋಡಿದಳು. ಜೇಬಿನಿಂದ ಫೋನ್ ತೆಗೆದು ಗಂಡನ ಕಡೆ ಚಾಚಿದಳು.

ಅವನು ಬಲಗೈ ಮುಂದೆ ಮಾಡಿದ. ಮುರಿದ ತುಂಡು ಇನ್ನೂ ಅದರಲ್ಲೇ ಇತ್ತು. ಬಿಡಲು ನೋಡಿದ, ಬೆರಳುಗಳು ಗ್ರಿಪ್ಪಿನಿಂದ ಬಿಚ್ಚಿಕೊಳ್ಳಲಿಲ್ಲ. ಅಕ್ಕ ಬಂದು ಅವನ್ನು ಒಂದೊಂದಾಗಿ ಬಿಡಿಸತೊಡಗಿದಳು.