ಹಾರು ಎನ್ನುವವರೆಗೆ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಾಯಲ್ಲಿ ಈಗ ಉಳಿದಿರುವುದು ಒಂದೇ ಮಾತು: ಬ್ರೇಕ್. ಹಸಿವಾದರೂ ಬ್ರೇಕ್, ಬೆನ್ನು ತುರಿಸಿದರೂ ಬ್ರೇಕ್, ಹೆಂಡತಿ ಎದುರಿಗೆ ಕೂತು ಕಣ್ಣೊರೆಸಿಕೊಂಡರೂ ಬ್ರೇಕ್. ಇಪ್ಪತ್ತೆರಡು ವರ್ಷ ಹೊಸಬರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂಗಿದ ಪದ ಅದು. ಲಕ್ವ ಹೊಡೆದ ದಿನ ಮಿಕ್ಕೆಲ್ಲ ಮಾತುಗಳೂ ಹೇಳದೆ ಕೇಳದೆ ಹೊರಟುಹೋದವು. ಬಲಗೈಯೂ ಬಲಗಾಲೂ ಹೋದವು. ಇದೊಂದು ಮಾತ್ರ ಜಾಗ ಖಾಲಿ ಮಾಡಲಿಲ್ಲ. ಮೊದಮೊದಲು ನೋಡಲು ಬಂದವರು ನಗು ತಡೆದುಕೊಳ್ಳಲು ಪಾಡು ಪಡುತ್ತಿದ್ದರು. ಈಗ ಯಾರೂ ಬರುವುದಿಲ್ಲ, ಆ ಪಾಡೂ ಇಲ್ಲ.

ಮೇಷ್ಟ್ರ ತಂಗಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಅಣ್ಣನ ಮನೆಗೆ ಬರುವುದನ್ನು ಅವಳು ಒಮ್ಮೆಯೂ ತಪ್ಪಿಸಿದವಳಲ್ಲ. ಮಾತು ಕಲಿಸುವ ಮೇಡಂ ಕಳೆದ ವಾರ ಅವಳನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಹೇಳಿದ್ದರು.

"ಐದು ತಿಂಗಳಾಯ್ತು. ಹೊಸ ಮಾತು ಒಂದಾದ್ರೂ ಬಂದ್ರೆ ಮುಂದುವರಿಸೋಣ. ಇಲ್ಲಾಂದ್ರೆ ಬರೋ ಬುಧವಾರಕ್ಕೆ ನಿಲ್ಲಿಸೋದೇ ವಾಸಿ, ಅವರನ್ನ ಸುಮ್ನೆ ಗೋಳು ಹುಯ್ಕೊಂಡ ಹಾಗಾಗುತ್ತೆ. ಚಿಕ್ಕಂದಿನಲ್ಲಿ ಖುಷಿಯಿಂದ ಸಾವಿರ ಸಲ ಕೂಗಿದ ಮಾತು ಏನಾದ್ರೂ ಇದ್ಯಾ ಯೋಚ್ನೆ ಮಾಡಿ. ಅಂಥದ್ದು ಒಂದೊಂದ್ಸಲ ತಾನಾಗೇ ಬರುತ್ತೆ. ಆದ್ರೆ ಅವರು ತಡವರಿಸ್ತಾ ಇದ್ದಾಗ ಅವರ ಬದಲು ನೀವು ಮುಂದಾಗಬೇಡಿ. ಎಷ್ಟೇ ಕಷ್ಟ ಆದ್ರೂ ಕಾಯಿರಿ. ಪ್ರೀತಿ ಇರೋರೇ ಕೆಡಿಸೋದು."

ಅಂಥ ಮಾತು ಯಾವುದೆಂದು ತಂಗಿಗೆ ಆ ಕ್ಷಣವೇ ಹೊಳೆದಿತ್ತು.

ಅವಳಿಗಾಗ ಏಳು, ಅವನಿಗೆ ಹನ್ನೆರಡು. ಬೀದಿಯ ಕೊನೆಯಲ್ಲಿ, ಬ್ಯಾಟರಿ ಅಂಗಡಿಯ ಹಿಂದೆ, ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ ವೀಡಿಯೊ ಗೇಮ್ ಅಂಗಡಿಯಿತ್ತು. ಆರು ಮೆಷಿನ್ನು, ಒಂದು ಫ್ಯಾನು. ಫ್ಯಾನಿನ ಗಾಳಿ ಪೂರ್ತಿ ಟೋಕನ್ ಕೊಡುವ ಬೋಳುಮಾಮನ ತಲೆಗೆ. ಮಿಕ್ಕವರಿಗೆ ಬೆವರು ಮತ್ತು ಕಾದ ವೈರಿನ ವಾಸನೆ. ತಂಗಿಯನ್ನು ಕರೆದುಕೊಂಡು ಹೋಗದಿದ್ದರೆ ಆಟವೂ ಇಲ್ಲ ಗೀಟವೂ ಇಲ್ಲ ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅವನು ಮುಖ ಊದಿಸಿಕೊಂಡು ಅವಳನ್ನು ದರದರನೆ ಎಳೆದೊಯ್ಯುತ್ತಿದ್ದ.

ಮೂಲೆಯ ಮೆಷಿನ್ನೇ ಅವರಿಗೆ ಗತಿ. ಅದರ ಸ್ಟಿಕ್ಕು ಹಠಮಾರಿ. ಎರಡು ಕೈ ಹಾಕಿದರಷ್ಟೇ ಅಲುಗುತ್ತಿತ್ತು. ದೊಡ್ಡ ಹುಡುಗರು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಹೀಗಾಗಿ ಸ್ಟಿಕ್ಕು ಅಣ್ಣನದು, ಗುಂಡಿ ತಂಗಿಯದು. ಕುಳ್ಳಿಯಾದ ಅವಳಿಗೆ ತುದಿಗಾಲಲ್ಲಿ ನಿಂತರೂ ಪರದೆ ಎಟುಕುತ್ತಿರಲಿಲ್ಲ. ಕಾಣುತ್ತಿದ್ದದ್ದು ಅಣ್ಣನ ಗಲ್ಲದ ಮೇಲೆ ಬಣ್ಣ ಬದಲಾಗುವ ಬೆಳಕು ಮಾತ್ರ. ಅವನು "ಹಾರು!" ಎಂದರೆ ಅವಳು ಗುಂಡಿ ಒತ್ತಬೇಕು, ಅಷ್ಟೇ. ಹಾರುವವನು ಯಾರು, ಏನನ್ನು ಹಾರುತ್ತಾನೆ ಎನ್ನುವುದರ ಗಂಧಗಾಳಿ ಇಲ್ಲದೆ ಅವಳು ಎರಡು ಬೇಸಿಗೆ ರಜೆ ಅವನನ್ನು ಹಾರಿಸಿದಳು. ಅಷ್ಟು ಕಣ್ಣುಮುಚ್ಚಿ ಆಮೇಲೆ ಅವಳು ಯಾರನ್ನೂ ನಂಬಲಿಲ್ಲ, ಕಟ್ಟಿಕೊಂಡ ಗಂಡನನ್ನೂ ಸೇರಿಸಿ.

ಮನೆಯ ದಾರಿಯಲ್ಲಿ ಅವನು ಎಲ್ಲ ವರ್ಣಿಸುತ್ತಿದ್ದ. "ಸೇತುವೆ ಮುರಿದೇಹೋಯ್ತು ಕಣೇ, ಕೆಳಗೆ ಬೆಂಕಿ! ಕೊನೇಲಿ ಒಂದು ಬಿಳಿ ಕುದುರೆ ಕಾಯ್ತಾ ಇರುತ್ತೆ. ಇನ್ನೇನು ಹತ್ರ ಬಂದ್ಬಿಟ್ವಿ."

ಕುದುರೆ ಸಿಗುವ ಮೊದಲೇ ಬೋಳುಮಾಮ ಅಂಗಡಿ ಮುಚ್ಚಿದ. ಕುದುರೆ ನಿಜವಾಗಿಯೂ ಇತ್ತೋ, ಅಣ್ಣ ಬಿಟ್ಟ ರೈಲೋ ಎಂದು ಈಗ ಕೇಳೋಣವೆಂದರೆ ಸಿಗುವ ಉತ್ತರ ಬ್ರೇಕ್.

ಭಾನುವಾರ ಮಧ್ಯಾಹ್ನ ಅವಳು ಮೊಬೈಲ್ ರಿಪೇರಿ ಅಂಗಡಿಯಿಂದ ಒಂದು ಪೆಟ್ಟಿಗೆ ತಂದಳು. ಟಿವಿಗೆ ಸಿಕ್ಕಿಸುವ ಹಲಗೆ, ಎಡಕ್ಕೆ ಸ್ಟಿಕ್ಕು, ಬಲಕ್ಕೆ ಗುಂಡಿಗಳು, ಒಳಗೆ ನೂರಾರು ಹಳೆಯ ಆಟ. ಆಟವನ್ನೇ ನೋಡಿರದ ಅವಳು ಅದನ್ನು ಹುಡುಕಿದ್ದು ಕಿವಿಯಿಂದ. ಅಂಗಡಿಯವನು ಒಂದೊಂದೇ ಆಟ ಹಾಕುತ್ತ ಸುಸ್ತಾಗಿ, ಇನ್ನು ಸಾಕು ಎನ್ನುವಷ್ಟರಲ್ಲಿ ಆ ಸಂಗೀತ ಕೇಳಿ ಅವಳ ಕೈ ತಾನಾಗಿ ಗುಂಡಿಯ ಮೇಲೆ ಹೋಗಿತ್ತು.

"ಇದೇನೇ, ಈ ವಯಸ್ಸಲ್ಲಿ ಮಕ್ಕಳಾಟ?" ಎಂದರು ಅತ್ತಿಗೆ, ಒದ್ದೆ ಕೈ ಒರೆಸಿಕೊಳ್ಳುತ್ತ.

"ನೋಡೋಣ ಅತ್ತಿಗೆ. ಇನ್ನು ಕಳ್ಕೊಳ್ಳೋದು ಏನಿದೆ?"

ಅವಳು ಅಣ್ಣನ ಬಲಗಡೆ ಕೂತಳು. ಸಂಗೀತ ಶುರುವಾದದ್ದೇ ತಡ, ಅಣ್ಣನ ಬೆನ್ನು ನೆಟ್ಟಗಾಯಿತು. ಎಡಗೈ ಯಾರೂ ಹೇಳದೆಯೇ ಸ್ಟಿಕ್ಕು ಹಿಡಿಯಿತು. ಪರದೆಯ ಮೇಲೆ ಬೆರಳುದ್ದದ ನೀಲಿ ಅಂಗಿಯವನೊಬ್ಬ ಓಡತೊಡಗಿದ. ಇಷ್ಟುದ್ದದವನಿಗಾಗಿಯೇ ನಾನು ಅಷ್ಟು ಒದ್ದಾಡಿದ್ದು ಎಂದು ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಹಳ್ಳ ಬಂತು. "ಬ್ರೇಕ್! ಬ್ರೇಕ್!" ಎಂದು ಅಣ್ಣ ಕಿರುಚಿದ. ಅವಳು ಮೇಡಂ ಮಾತು ನೆನೆದು ಕೈ ಬಿಗಿಹಿಡಿದಳು. ನೀಲಿಯವನು ಹಳ್ಳಕ್ಕೆ ಬಿದ್ದ. ಒಂದಾಟಕ್ಕೆ ಮೂರೇ ಜೀವ.

ಎರಡನೆಯವನನ್ನು ಅಣ್ಣ ಅಂಚಿಗೆ ತಂದು ನಿಲ್ಲಿಸಿ ಅವಳ ಮುಖ ನೋಡಿದ.

"ಹೇಳು ಅಣ್ಣ, ಏನು ಮಾಡ್ಲಿ?"

"ಬ್ರೇ..." ಎಂದವನು ತುಟಿ ಕಚ್ಚಿಕೊಂಡ. ತಪ್ಪು ಮಾತು ಎಂದು ಅವನಿಗೇ ಗೊತ್ತಾಗಿತ್ತು! ಐದು ತಿಂಗಳಲ್ಲಿ ಮೊದಲ ಸಲ ಅವನು ಆ ಪದವನ್ನು ಅರ್ಧಕ್ಕೆ ತಡೆದಿದ್ದ. ಸಿಟ್ಟಿನಿಂದ ಸ್ಟಿಕ್ಕು ದಬ್ಬಿದ, ಎರಡನೆಯವನೂ ಹೋದ.

ಉಳಿದವನು ಒಬ್ಬ. ಅವನು ಅಂಚಿನಲ್ಲಿ ನಿಂತ. ಅಣ್ಣ ಉಸಿರೆಳೆದುಕೊಂಡ. ಬ್ರೇಕ್ ಎನ್ನಲು ತುಟಿ ಕೂಡಬೇಕು. ಈ ಸಲ ಕೂಡಲಿಲ್ಲ. ಬಾಯಿ ಅಗಲವಾಗಿ ತೆರೆಯಿತು, ಕತ್ತಿನ ನರ ಉಬ್ಬಿತು, ಒಳಗಿನಿಂದ "ಹ..." ಎಂಬ ಉಸಿರು ಹೊರಟಿತು. ಬಾ, ಬಾ ಎಂದು ತಂಗಿ ಆ ಮಾತನ್ನು ಮನಸ್ಸಿನಲ್ಲೇ ಕರೆದಳು.

ಆಗ ಪರದೆಯ ಎಡದಿಂದ ಬೆಂಕಿಯ ಉಂಡೆಯೊಂದು ನೀಲಿಯವನ ಬೆನ್ನಿಗೆ ಉರುಳುತ್ತ ಬಂತು. ಮೊದಲಾಗಿದ್ದರೆ ಅವಳಿಗೆ ಅದು ಕಾಣುತ್ತಿರಲಿಲ್ಲ, ಅವಳು ಕಾಯುತ್ತಿದ್ದಳು. ಈಗ ಕಂಡಿತು. ಕೊನೆಯವನು, ಅಣ್ಣ ಎರಡು ಸಲ ಸೋತಿದ್ದಾನೆ, ಇನ್ನೊಮ್ಮೆ ಸೋತರೆ ಅವನ ಮುಖ ನೋಡಲು ತನ್ನಿಂದಾಗದು.

ಅವಳು ಗುಂಡಿ ಒತ್ತಿಬಿಟ್ಟಳು.

ನೀಲಿಯವನು ಹಾರಿ ಆಚೆ ದಡ ಸೇರಿದ. "ಗೆದ್ರಲ್ಲಾ!" ಎಂದು ಅತ್ತಿಗೆ ಚಪ್ಪಾಳೆ ತಟ್ಟಿದರು.

ಅಣ್ಣನ ಬಾಯಿ ಒಂದಿಷ್ಟು ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿಕೊಂಡಿತು. ಅವನು ಸ್ಟಿಕ್ಕಿನಿಂದ ಕೈ ತೆಗೆದು, ಸತ್ತ ಬಲಗೈಯ ಮೇಲೆ ಇಟ್ಟುಕೊಂಡ.

"ಇನ್ನೊಂದ್ಸಲ ಅಣ್ಣ. ನಿನ್ನಾಣೆ, ನೀನು ಹೇಳೋವರೆಗೂ ಒತ್ತಲ್ಲ. ನೋಡೋದೂ ಇಲ್ಲ, ನೋಡು, ಕಣ್ಣು ಮುಚ್ಕೊಂಡಿದೀನಿ." ಗುಂಡಿಯ ಮೇಲೆ ಬೆರಳಿಟ್ಟು ಅವಳು ಕಾದಳು. ಆ ಸಂಗೀತ ಸುತ್ತಿ ಸುತ್ತಿ ಬಂತು. ಕಣ್ಣು ಬಿಟ್ಟಾಗ ಅಣ್ಣ ಗೋಡೆ ನೋಡುತ್ತಿದ್ದ.

ಬುಧವಾರ ಅವಳು ಮೇಡಂಗೆ ನಡೆದದ್ದನ್ನೆಲ್ಲ ಒಪ್ಪಿಸಿದಳು. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನ ಎದುರು ಕೂತು ಒಂದು ಗಂಟೆ ಪ್ರಯತ್ನಿಸಿದರು. ನೀರು ತೋರಿಸಿದರು, ಗಡಿಯಾರ ತೋರಿಸಿದರು, ಕೊನೆಗೆ ಆಟಿಕೆ ಕಾರನ್ನು ಮೇಜಿನ ತುದಿಯವರೆಗೆ ಓಡಿಸಿ ಕೆಳಕ್ಕೆ ಬೀಳಿಸಿದರು. ಅವನು ಬೀಳುವುದನ್ನು ನೋಡಿದ, ಅಷ್ಟೇ. ಭಾನುವಾರದಿಂದ ಬಾಯೇ ಬಿಟ್ಟಿಲ್ಲ ಎಂದರು ಅತ್ತಿಗೆ. ಮೇಡಂ ಫೈಲು ಮುಚ್ಚಿದರು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವನ ಮುಂದೆ ತಂಗಿ ಕುಕ್ಕರಗಾಲಲ್ಲಿ ಕೂತಳು. ಹಿಂದೆ ಮೂಲೆಯ ಮೆಷಿನ್ನಿನ ಬುಡದಲ್ಲಿ ನಿಂತಾಗಿನಂತೆ, ಕೆಳಗಿನಿಂದ ಅವನ ಗಲ್ಲ ಮಾತ್ರ ಕಾಣುತ್ತಿತ್ತು. ಅವನ ಮೊಣಕಾಲು ಹಿಡಿದುಕೊಂಡಳು.

"ಬ್ರೇಕ್ ಆದ್ರೂ ಅನ್ನು ಅಣ್ಣ," ಎಂದಳು.