ಕಿವಿಯ ಹಿಂದಿನ ಬೊಟ್ಟು

ಮೂರು ವರ್ಷ ಮುನಿಸಿಕೊಂಡಿದ್ದ ಮಳೆ ಆ ವರ್ಷ ಬಂದದ್ದೇ ಬಂದದ್ದು. ತೋವಿನಕೆರೆಯಿಂದಾಚೆಗಿನ ಆ ಪುಟ್ಟ ಊರಿನಲ್ಲಿ ಕೆರೆ ಕೋಡಿ ಬಿತ್ತು. ಬಂಡೆಗಳ ಸಂದಿಯಲ್ಲೂ ಹುಲ್ಲು ಎದ್ದಿತು. ಹೊಲದ ಬದುಗಳಲ್ಲಿ ಪೊದೆಗಳು ಆಳೆತ್ತರ ಬೆಳೆದು, ಕಾರ್ತೀಕದ ಇಬ್ಬನಿ ಬೀಳುವ ಹೊತ್ತಿಗೆ ಸಿದ್ದರಬೆಟ್ಟದ ಬುಡದವರೆಗೂ ಕಣ್ಣಿಗೆ ಹಸಿರೇ ಹಸಿರು.

ಸೀಮೆ ಹಸುವಿಗೆ ಒಣಮೇವು ಹೊಂಚಿ ಹೊಂಚಿ ಬೇಸತ್ತಿದ್ದ ವನಜಾಕ್ಷಿಗೆ ಆ ಹಸಿರು ಕಂಡರೆ ಕೈ ಮುಗಿಯಬೇಕೆನಿಸುತ್ತಿತ್ತು. ದಿನವೂ ಸಂಜೆ ಕುಡುಗೋಲು ಹಿಡಿದು ಬದುವಿಗೆ ಹೋಗುತ್ತಿದ್ದಳು. ಒಂದನೇ ಕ್ಲಾಸಿನ ಮಗಳು ವೇದಾ ಬೆನ್ನಿಗೇ ಬರುತ್ತಿದ್ದಳು. ಅಮ್ಮ ಹುಲ್ಲು ಕೊಯ್ದು ಹೊರೆ ಕಟ್ಟುವಷ್ಟರಲ್ಲಿ ಮಗಳು ಆ ಹೊರೆಗೇ ತಲೆಯಿಟ್ಟು ಮಲಗಿ, ಆಕಾಶ ನೋಡುತ್ತಾ ಶಾಲೆಯ ಪದ್ಯ ಹೇಳುತ್ತಿದ್ದಳು.

"ಏಳೇ, ದಿಂಬು ಹಸೂಗೆ ಬೇಕು," ಎಂದು ವನಜಾಕ್ಷಿ ನಗುತ್ತಾ ಎಬ್ಬಿಸುತ್ತಿದ್ದಳು.

ಮನೆಗೆ ಬಂದ ಮೇಲೆ ಅಜ್ಜಿ ಚಿಕ್ಕಹನುಮಕ್ಕನ ಸರದಿ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಹಿಡಿದು ತೆಗೆದ ಮಸಿಯನ್ನು ಆಕೆ ಒಂದು ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಸೊಸೆಯ ಕೈಗೂ ಕೊಡುತ್ತಿರಲಿಲ್ಲ. ಮೊದಲು ದೃಷ್ಟಿಬೊಟ್ಟು ಇಡುತ್ತಿದ್ದದ್ದು ಮೊಮ್ಮಗಳ ಕೆನ್ನೆಗೆ. ಶಾಲೆಯಲ್ಲಿ ಹುಡುಗರು ನಕ್ಕರೆಂದು ವೇದಾ ರಂಪ ಮಾಡಿದ ಮೇಲೆ ಅದು ಎಡಗಿವಿಯ ಹಿಂದಕ್ಕೆ ಹೋಗಿತ್ತು.

"ಅಲ್ಲಿಟ್ರೆ ಯಾರ ಕಣ್ಣು ಬೀಳ್ತದೆ ಅತ್ತೆ?"

"ಬೀಳೋ ಕಣ್ಣು ಬೆನ್ನ ಹಿಂದ್ಲಿಂದ್ಲೇ ಬೀಳೋದು ಕಣಮ್ಮಿ, ಸುಮ್ಕಿರು."

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿಗೆ ಮಾತ್ರ ಆ ಜಾಗ ಬಾಯಿಪಾಠ.

ಜ್ವರ ಬಂದದ್ದು ಒಂದು ಸೋಮವಾರ. ಮೊದಲು ತಲೆನೋವು, ಆಮೇಲೆ ಮೈ ಕೆಂಡ. ಪಕ್ಕದೂರಿನ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆಗೆ ಇಳಿಯುವುದು, ಮತ್ತೆ ಏರುವುದು. ವಾರ ತುಂಬುವ ಹೊತ್ತಿಗೆ ಹುಡುಗಿ ಅನ್ನದ ಕಡೆ ಮುಖ ಹಾಕಲಿಲ್ಲ. ಕಣ್ಣು ಕೆಂಪಾದವು. ನೀರು ಕುಡಿಸಿದರೂ ತುಟಿಯ ಅಂಚಿನಲ್ಲೇ ಹರಿದುಹೋಗುತ್ತಿತ್ತು. ವನಜಾಕ್ಷಿಯ ಗಂಡ ನರಸಿಂಹರಾಜು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದ. ಫೋನಿನಲ್ಲಿ ಹೆಂಡತಿಯ ದನಿ ಕೇಳಿದವನೇ ಬೈಕು ಹತ್ತಿ ಬಂದು, ತಾಯಿ ಮಗಳನ್ನು ಕೊರಟಗೆರೆಯ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿದ್ದವರು ಶಿರಾ ಕಡೆಯ ಡಾಕ್ಟರ್ ಗೌಸಿಯಾ. ಹೊಟ್ಟೆ ಮುಟ್ಟಿ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ರಕ್ತ ಪರೀಕ್ಷೆಯ ಚೀಟಿ ನೋಡಿದಾಗ ಅವರ ಹುಬ್ಬು ಗಂಟಾಯಿತು.

"ಡೆಂಗಿ ಇರಬಹುದು, ಬೇರೆದೂ ಇರಬಹುದು. ಇನ್ನೊಂದು ಪರೀಕ್ಷೆಗೆ ರಕ್ತ ತುಮಕೂರಿಗೆ ಕಳಿಸ್ತೀನಿ. ಉಸಿರು ಸ್ವಲ್ಪ ಜೋರಾಗ್ತಿದೆ. ಇನ್ನೂ ಹೆಚ್ಚಾದ್ರೆ ಮಗೂನೂ ಅಲ್ಲಿಗೇ ಕಳಿಸಬೇಕಾಗುತ್ತೆ. ಮೈಮೇಲೆ ಎಲ್ಲಾದ್ರೂ ಕಪ್ಪನೆ ಗಾಯ ನೋಡಿದ್ರಾ ಅಮ್ಮಾ? ಬೀಡಿಯಲ್ಲಿ ಸುಟ್ಟಂಗೆ, ಸಣ್ಣದು?"

"ಇಲ್ಲ ಮೇಡಂ. ನಾನೇ ಅಲ್ವಾ ಸ್ನಾನ ಮಾಡ್ಸೋದು. ನನ್ ಕೈಗೆ ಗೊತ್ತಿಲ್ಲದ ಜಾಗ ಅವಳ ಮೈಮೇಲೆ ಒಂದೂ ಇಲ್ಲ."

ಆದರೂ ಡಾಕ್ಟರ್ ಕಂಕುಳು ನೋಡಿದರು, ತೊಡೆಯ ಸಂದು ನೋಡಿದರು, ಜಡೆ ಎತ್ತಿ ಕತ್ತು ನೋಡಿದರು. ಎಡಗಿವಿಯ ಹಿಂದೆ ಕಪ್ಪು ಕಂಡಾಗ ಆ ಆತಂಕದಲ್ಲೂ ಅವರ ಮುಖದಲ್ಲಿ ಒಂದು ಎಳೆ ನಗು ಹಾದುಹೋಯಿತು.

"ದೃಷ್ಟಿಬೊಟ್ಟಾ? ನಮ್ಮ ಅಮ್ಮೀನೂ ಅಲ್ಲೇ ಕಾಜಲ್ ಹಚ್ತಿದ್ರು."

"ಹೂಂ ಮೇಡಂ, ನಮ್ಮತ್ತೆ ಇಡೋದು."

ಜಡೆ ಮತ್ತೆ ಕೆಳಗಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ವೇದಾ ಕನವರಿಸತೊಡಗಿದಳು. ಕರೆದರೆ ಕಣ್ಣು ಬಿಡುವಳು, ಆದರೆ ಅಮ್ಮನನ್ನು ದಾಟಿ ಇನ್ನೆಲ್ಲೋ ನೋಡುವಳು. ನರಸಿಂಹರಾಜು ಆಂಬುಲೆನ್ಸ್ ವಿಚಾರಿಸಲು ಕೆಳಗೆ ಹೋದ. ಜ್ವರ ಇಳಿಯಲಿ ಎಂದು ವನಜಾಕ್ಷಿ ಬಟ್ಟೆ ಒದ್ದೆ ಮಾಡಿ ಮಗಳ ಮೈ ಒರೆಸುತ್ತಾ ಕುಳಿತಳು. ಹಣೆ, ಕುತ್ತಿಗೆ, ಪುಟ್ಟ ಅಂಗೈ. ಜ್ವರ ಬಂದಾಗಿನಿಂದ ತಲೆಗೆ ನೀರು ಹಾಕಿರಲಿಲ್ಲ. ಹಳೆಯ ಮಸಿ ಬೆವರಿಗೆ ಕರಗಿ ಕುತ್ತಿಗೆಯವರೆಗೂ ಇಳಿದಿತ್ತು. ಕಿವಿಯ ಹಿಂದೆ ಬಟ್ಟೆಯಿಂದ ಒರೆಸಿದಳು. ಬಟ್ಟೆಗೆ ಕಪ್ಪು ಹತ್ತಿತು. ಇನ್ನೊಮ್ಮೆ ಒರೆಸಿದಳು. ಮತ್ತೊಮ್ಮೆ, ಬಟ್ಟೆ ಮಡಚಿ, ಬಿಳಿಯ ಭಾಗದಿಂದ.

ಈ ಸಲ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಕಿವಿಯ ಹಿಂದಿನ ಕಪ್ಪು ಹಾಗೇ ಇತ್ತು.

ಬೆರಳಿನಿಂದ ಮುಟ್ಟಿದಳು. ಒಣಗಿದ ಹಕ್ಕಳೆ, ಸುತ್ತ ತೆಳುವಾದ ಕೆಂಪು ಅಂಚು. ಮಗು ನೋವೆಂದು ಮುಖವನ್ನೂ ಕಿವಿಚಲಿಲ್ಲ. ವನಜಾಕ್ಷಿ ಕಿವಿ ಮಡಚಿ ಹಿಡಿದು ಬಗ್ಗಿ ನೋಡಿದಳು. ದಿನವೂ ನೋಡುತ್ತಿದ್ದಳಲ್ಲ! ಜಡೆ ಹೆಣೆಯುವಾಗ, ಮಗ್ಗುಲು ತಿರುಗಿಸುವಾಗ, ಕಪ್ಪು ಕಂಡಿತ್ತು. ಕಂಡಾಗಲೆಲ್ಲ, ಅತ್ತೆಯ ಬೊಟ್ಟು ಇದೆ, ಮಗು ಕ್ಷೇಮ ಎಂದುಕೊಂಡಿದ್ದಳು.

ಚಪ್ಪಲಿ ಮೆಟ್ಟದೆ ಓಡಿದಳು. "ಮೇಡಂ, ಬೊಟ್ಟಲ್ಲ! ಅದು ಬೊಟ್ಟಲ್ಲ ಮೇಡಂ!"

ಗೌಸಿಯಾ ಬಂದರು, ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು, ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ನರ್ಸನ್ನು ಕರೆದು ಔಷಧಿಯ ಹೆಸರು ಹೇಳಿದರು. ತುಮಕೂರಿನಿಂದ ವರದಿ ಬರುವವರೆಗೆ ಕಾಯಲಿಲ್ಲ.

"ಪೊದೆ ಹುಲ್ಲಿನಲ್ಲಿರೋ ಹುಳದ ಜ್ವರ ಇದು," ಎಂದರು, ಡ್ರಿಪ್ಪಿನ ಹನಿ ಸರಿಮಾಡುತ್ತಾ. "ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳ, ಕಚ್ಚಿದ ಜಾಗ ಹೀಗೆ ಸುಟ್ಟಂಗೆ ಕಪ್ಪಾಗುತ್ತೆ. ಬದುವಿನ ಇಲಿಗಳ ಮೇಲೆ ಬದುಕ್ತವೆ. ಒಳ್ಳೆ ಮಳೆಯಾಗಿ ಪೊದೆ ದಟ್ಟ ಆದ್ರೆ ಇಲಿ ಹೆಚ್ತವೆ, ಇವೂ ಹೆಚ್ತವೆ. ಚಳಿ ಶುರುವಾಗೋ ಈ ದಿನಗಳಲ್ಲೇ ಜಾಸ್ತಿ. ಹುಲ್ಲಲ್ಲಿ ಮಲಗಿದ್ಲಾ?"

ವನಜಾಕ್ಷಿ ತಲೆಯಾಡಿಸಿದಳು.

ಕೆಳಗಿನಿಂದ ಬಂದ ನರಸಿಂಹರಾಜು ಗೋಡೆಗೊರಗಿ ನಿಂತಿದ್ದ. "ನಾನು ದಿನಾ ಬೈತೀನಿ ಮೇಡಂ, ಪಾವಗಡದ ಬಿಸಿಲಲ್ಲಿ ಒಂದು ಗರಿಕೆನೂ ಇಲ್ಲ ಅಂತ. ನಮ್ಮೂರು ನೋಡಿ, ಎಂಗೈತೆ ಹಸಿರು ಅಂತ ಅಲ್ಲಿ ಎಲ್ರಿಗೂ ಫೋಟೋ ತೋರಿಸ್ತಿದ್ದೆ."

"ಹಸಿರಿನ ತಪ್ಪಲ್ಲಪ್ಪ," ಎಂದರು ಗೌಸಿಯಾ. "ಮಗೂನ ಅದರ ಮೇಲೆ ಮಲಗಿಸ್ಬೇಡಿ ಅಷ್ಟೆ. ನೀವೂ ಮೈ ಮುಚ್ಚೋ ಬಟ್ಟೆ ಹಾಕ್ಕೊಂಡು ಹೋಗಿ. ಬಂದಮೇಲೆ ಸ್ನಾನ ಮಾಡಿ, ಬಟ್ಟೆ ಒಗೀರಿ." ಬಾಗಿಲ ತನಕ ಹೋಗಿ ತಿರುಗಿದರು. "ಅಮ್ಮಾ, ಬೆಳಿಗ್ಗೆ ನಾನೂ ನೋಡಿದ್ದೆ ಅದನ್ನ."

ಆ ರಾತ್ರಿ ವೇದಾಳನ್ನು ತುಮಕೂರಿಗೆ ಸಾಗಿಸಬೇಕಾಗಿ ಬರಲಿಲ್ಲ. ಮರುದಿನ ಉಸಿರಿನ ವೇಗ ತಗ್ಗಿತು. ಅದರ ಮಾರನೆಯ ದಿನ ಮೈ ಬೆವೆತು ಜ್ವರ ಬಿಟ್ಟಿತು. ಎಚ್ಚರಾದವಳೇ, "ಅಮ್ಮಾ, ಹಸೂಗೆ ಯಾರು ಹುಲ್ಲಾಕ್ತಾರೆ?" ಎಂದಳು. ವನಜಾಕ್ಷಿ ಸೆರಗು ಬಾಯಿಗೊತ್ತಿ ಅತ್ತಳು.

ಮನೆಗೆ ಹೊರಡುವ ದಿನ ಚಿಕ್ಕಹನುಮಕ್ಕ ತಾನೇ ಬಸ್ಸು ಹತ್ತಿ ಬಂದಿದ್ದಳು, ಸೆರಗಿನ ಗಂಟಿನಲ್ಲಿ ಮಸಿಯ ಡಬ್ಬಿ ಕಟ್ಟಿಕೊಂಡು. ಮೊಮ್ಮಗಳ ತಲೆ ಸವರಿ, "ಎಲ್ಲಿತ್ತಂತೆ ಗಾಯ?" ಎಂದು ಕೇಳಿದಳು.

ಮಗ ಸೊಸೆಯ ಮುಖ ನೋಡಿದ. ಸೊಸೆ ಸುಳ್ಳು ಹೇಳಬಹುದಿತ್ತು. ಆದರೆ ಅಜ್ಜಿಯ ಬೆರಳು ಆಗಲೇ ಎಡಗಿವಿಯ ಹಿಂದಕ್ಕೆ ಹೋಗಿತ್ತು, ಅಲ್ಲಿನ ಹಕ್ಕಳೆಯ ಮೇಲೆ ನಿಂತಿತ್ತು.

"ಅಯ್ಯೋ ನನ್ನವ್ವ... ನಾನೇ ಮುಚ್ಚಾಕ್ಬುಟ್ನಾ?"

"ಇಲ್ಲ ಅತ್ತೆ. ದಿನಾ ನಾನೂ ನೋಡ್ದೆ. ಡಾಕ್ಟ್ರಮ್ಮನೂ ನೋಡುದ್ರು. ಕಣ್ಣು ನೆಟ್ಟಗಿರೋ ನಮಗೇ ಕಾಣ್ಲಿಲ್ಲ."

ಚಿಕ್ಕಹನುಮಕ್ಕ ಗಂಟು ಬಿಚ್ಚಿ ಡಬ್ಬಿ ತೆಗೆದು ಸೊಸೆಯ ಕೈಗಿಟ್ಟಳು. "ಎಸ್ದ್ಬುಡು ಅತ್ಲಾಗೆ."

ವನಜಾಕ್ಷಿ ಡಬ್ಬಿಯ ಮುಚ್ಚಳ ತೆಗೆದಳು. ಅತ್ತೆಯ ಬೆರಳು ಹಿಡಿದು ಅದರಲ್ಲಿ ಅದ್ದಿದಳು. ಮಗಳ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಕೆನ್ನೆಗಿಡಿ ಅತ್ತೆ. ಎಲ್ರಿಗೂ ಕಾಣಂಗೆ."

"ಇಸ್ಕೂಲಲ್ಲಿ ನಗ್ತಾರೆ!" ಎಂದಳು ವೇದಾ.

"ನಗಲಿ ಬುಡು ಮಗಾ," ಎಂದಳು ಅಮ್ಮ.

ಅಜ್ಜಿಯ ಬೆರಳು ಕೆನ್ನೆಯ ಹತ್ತಿರ ಬಂದು ತಡೆಯಿತು. "ಅಲ್ಲೇನೂ ಇಲ್ಲ ತಾನೇ? ಸರಿಯಾಗಿ ನೋಡವ್ವಾ."

"ಏನೂ ಇಲ್ಲ ಅತ್ತೆ," ಎಂದ ವನಜಾಕ್ಷಿ, ಮಾತು ಮುಗಿದ ಮೇಲೂ ಬಗ್ಗಿ ಇನ್ನೊಮ್ಮೆ ನೋಡಿದಳು.